ಕೆಲಸದ ಜಾಹೀರಾತನ್ನು ಓದಲು ಕಲಿಸುವ ಇಂಗ್ಲಿಷ್ ಪೀರಿಯಡ್ ಬೇಕು

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಪತ್ರಿಕೆಗಳಲ್ಲಿ ಮಾದರಿ ಪ್ರಶ್ನೋತ್ತರಗಳು ಬರತೊಡಗುತ್ತವೆ. ಇಂಗ್ಲಿಷ್ ವಿಭಾಗದಲ್ಲಿ ಒಂದು ಅನ್‌ಸೀನ್ ಪ್ಯಾಸೇಜ್ (ಪಠ್ಯಪುಸ್ತಕದಲ್ಲಿ ಇಲ್ಲದ ಗದ್ಯಭಾಗ) ಇದ್ದೇ ಇರುತ್ತದೆ: ಆನೆಯ ಬುದ್ಧಿವಂತಿಕೆ, ಸಮಯದ ಬೆಲೆ, ಪರಿಸರ ಮಾಲಿನ್ಯ, ಹೀಗೆ. ಅದೇ ಪತ್ರಿಕೆಯ ಜಾಹೀರಾತು ಪುಟದಲ್ಲಿ ಬೈಕಂಪಾಡಿಯ ಕಾರ್ಖಾನೆಗೋ ಮಣಿಪಾಲದ ಕಚೇರಿಗೋ ಜನ ಬೇಕಾಗಿದ್ದಾರೆ ಎಂಬ ನಾಲ್ಕು ಸಾಲಿನ ಇಂಗ್ಲಿಷ್ ಕೂಡ ಇರುತ್ತದೆ. ಆನೆಯ ಪ್ಯಾಸೇಜಿಗೆ ಪೂರ್ತಿ ಅಂಕ ಪಡೆಯುವ ಮಗು ಈ ನಾಲ್ಕು ಸಾಲಿನಲ್ಲಿ ಎಡವುತ್ತದೆ. ಈ ಕೆಲಸಕ್ಕೆ ಯಾರು ಅರ್ಜಿ ಹಾಕಬಹುದು, ಯಾರು ಹಾಕುವಂತಿಲ್ಲ ಎಂದು ಕೇಳಿದರೆ ಉತ್ತರ ತಪ್ಪುತ್ತದೆ. ಎಂಟರಿಂದ ಹತ್ತನೆಯ ತರಗತಿವರೆಗೆ ವಾರಕ್ಕೊಂದು ಇಂಗ್ಲಿಷ್ ಪೀರಿಯಡ್ ಕೆಲಸ ಹುಡುಕುವವರು ಓದಬೇಕಾದ ಬರಹಗಳಿಗೆ ಮೀಸಲಾಗಲಿ, ಅದೂ ಯಾರೋ ಕೂತು ಕಟ್ಟಿದ ಪಾಠವಾಗದೆ ನಿಜವಾದ ಪ್ರಕಟಣೆಗಳೇ ಆಗಲಿ ಎಂಬುದು ಈ ಪತ್ರದ ವಿಷಯ. ಅದನ್ನು ಮಾಡುವುದು ಹೇಗೆ, ಎಲ್ಲಿ ಕೆಡುತ್ತದೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಮನ್ನಿಸಬೇಕು.

ಪ್ಯಾಸೇಜಿಗೆ ಅಂಕ ಬರುವ ಬಗೆ ಶಿಕ್ಷಕರೆಲ್ಲರಿಗೂ ಗೊತ್ತಿರುವುದೇ. ಪ್ರಶ್ನೆಯಲ್ಲಿರುವ ದೊಡ್ಡ ಪದವೊಂದನ್ನು ಹಿಡಿದುಕೊಳ್ಳುವುದು, ಅದು ಪ್ಯಾಸೇಜಿನಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ಹುಡುಕುವುದು, ಆ ಸಾಲನ್ನು ಪೂರ್ತಿಯಾಗಿ ಎತ್ತಿ ಬರೆಯುವುದು. ಪಾಸಿನ ಅಂಚಿನಲ್ಲಿರುವ ಮಗುವಿಗೆ ಇದೊಂದು ಆಸರೆ, ಹಾಗಾಗಿ ಅದನ್ನು ಹೀಗಳೆಯುವ ಮನಸ್ಸಿಲ್ಲ. ಆದರೆ ಬೇಕರಿಯೊಂದರ ಜಾಹೀರಾತಿನಲ್ಲಿ ‘ಒನ್ ಇಯರ್ ಎಕ್ಸ್‌ಪೀರಿಯನ್ಸ್ ಪ್ರಿಫರ್ಡ್, ಫ್ರೆಶರ್ಸ್ ಮೇ ಆಲ್ಸೊ ಅಪ್ಲೈ’ ಎಂದಿರಲಿ. ಎಲ್ಲಿಯೂ ಕೆಲಸ ಮಾಡಿ ಗೊತ್ತಿಲ್ಲದವರು ಅರ್ಜಿ ಹಾಕಬಹುದೇ ಎಂದು ಕೇಳಿ ನೋಡಿ. ಎತ್ತಿ ಬರೆದು ರೂಢಿಯಾದ ಮಗು ಎಕ್ಸ್‌ಪೀರಿಯನ್ಸ್ ಎಂಬ ಪದ ಕಂಡಲ್ಲಿಗೆ ನಿಂತು, ಮೊದಲ ತುಂಡನ್ನು ಬರೆದು, ಆಗುವುದಿಲ್ಲ ಎನ್ನುತ್ತದೆ. ಪ್ರಿಫರ್ಡ್ ಎಂದರೆ ಇದ್ದರೆ ಒಳ್ಳೆಯದು, ಇರಲೇಬೇಕೆಂದಿಲ್ಲ. ಫ್ರೆಶರ್ ಎಂದರೆ ಈಗಷ್ಟೇ ಕಲಿತು ಬಂದವರು. ಎರಡನ್ನೂ ಕೂಡಿಸಿದರೆ ಮಾತ್ರ ಉತ್ತರ ಸರಿಯಾಗುತ್ತದೆ. ಉತ್ತರ ಯಾವ ಸಾಲಿನಲ್ಲೂ ಸಿದ್ಧವಾಗಿ ಕೂತಿಲ್ಲ, ಓದಿದವರೇ ತೀರ್ಮಾನಿಸಬೇಕು. ಉದ್ಯೋಗದ ಬರಹಗಳು ಓದಿನ ಅಭ್ಯಾಸಕ್ಕೆ ಒಗ್ಗುವುದು ಇದಕ್ಕೇ.

ಕೆಲವು ಶಾಲೆಗಳೂ ಟ್ಯೂಷನ್ ಕೇಂದ್ರಗಳೂ ಈ ವಿಷಯದ ವರ್ಕ್‌ಶೀಟುಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ಜೆರಾಕ್ಸ್ ಮಾಡಿ ಹಂಚುತ್ತವೆ. ಉದ್ದೇಶ ಒಳ್ಳೆಯದೇ, ಆದರೆ ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಹೈಸ್ಕೂಲು ಮಕ್ಕಳಿಗೆಂದು ಬರೆದವು. ಅಲ್ಲಿ ಹದಿನಾರರ ಹುಡುಗ ಶಾಲೆ ಮುಗಿಸಿ ಸಂಜೆ ಅಂಗಡಿಯಲ್ಲಿ ದುಡಿಯುತ್ತಾನೆ, ಪಕ್ಕದ ಮನೆಯ ಮಗುವನ್ನು ನೋಡಿಕೊಂಡು ಗಂಟೆಗಿಷ್ಟು ಡಾಲರ್ ಎಂದು ಪಡೆಯುತ್ತಾನೆ, ಅರ್ಜಿಯಲ್ಲಿ ಜಿಪ್ ಕೋಡ್ ಬರೆಯುತ್ತಾನೆ. ನಮ್ಮಲ್ಲಿ ಕಾನೂನೇ ಬೇರೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ, 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಸೇರಿಸುವಂತಿಲ್ಲ. ಒಂಬತ್ತನೆಯ ತರಗತಿಯ ಮಗುವಿಗೆ ಅಮೆರಿಕದ ಹಾಳೆ ಕೊಟ್ಟು ‘ನೀನು ಯಾವ ಪಾರ್ಟ್ ಟೈಮ್ ಕೆಲಸಕ್ಕೆ ಅರ್ಜಿ ಹಾಕುವೆ’ ಎಂದು ಬರೆಸುವುದು ಇಂಗ್ಲಿಷ್ ಅಭ್ಯಾಸವೂ ಅಲ್ಲ, ಲೋಕಜ್ಞಾನವೂ ಅಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಇಲ್ಲಿನ ಜಾಹೀರಾತುಗಳಲ್ಲಿ ದಿನವೂ ಬರುವ ವಾಕ್-ಇನ್, ಫ್ರೆಶರ್, ಸಿಟಿಸಿ, ಬಾಂಡ್, ಬಯೋಡೇಟಾ, ಆನ್ ಕಾಂಟ್ರ್ಯಾಕ್ಟ್ ಬೇಸಿಸ್, ಆ್ಯಸ್ ಪರ್ ನಾರ್ಮ್ಸ್, ಎಸ್ಸೆಸ್ಸೆಲ್ಸಿ ಪಾಸ್ ಆರ್ ಫೇಲ್ ಎಂಬ ಮಾತುಗಳಲ್ಲಿ ಹೆಚ್ಚಿನವು ಆ ಹಾಳೆಗಳಲ್ಲಿ ಸಿಗುವುದೇ ಇಲ್ಲ. ನಮ್ಮ ಮಕ್ಕಳು ಎದುರಿಸಬೇಕಾದ ಇಂಗ್ಲಿಷ್ ಭಾರತದ ಕಚೇರಿಗಳ ಇಂಗ್ಲಿಷ್.

ಮಕ್ಕಳು ತಪ್ಪುವ ಜಾಗಗಳು ಬಹುಮಟ್ಟಿಗೆ ನಿಶ್ಚಿತ. ಮೊದಲನೆಯದು ಸಂಖ್ಯೆಯ ಸುತ್ತಲಿನ ಸಣ್ಣ ಪದಗಳು. ‘ನಾಟ್ ಬಿಲೋ 18’ ಎಂಬಲ್ಲಿ ಕಣ್ಣು ಬಿಲೋ 18ರ ಮೇಲೆ ಬೀಳುತ್ತದೆ. ಹದಿನೆಂಟರ ಕೆಳಗಿನವರು ಬೇಕು ಎಂದು ತಿಳಿಯುತ್ತಾರೆ. ಕನ್ನಡದಲ್ಲಿ, ತುಳುವಿನಲ್ಲಿ ‘ಇಲ್ಲ’, ‘ಬಾರದು’ ವಾಕ್ಯದ ಕೊನೆಗೆ ಬರುವುದರಿಂದ ನಮ್ಮ ಮಕ್ಕಳು ನಿಷೇಧವನ್ನು ಕೊನೆಯಲ್ಲೇ ಹುಡುಕುತ್ತಾರೆ. ಇಂಗ್ಲಿಷಿನಲ್ಲಿ ಅದು ಮುಂದೆಯೇ ಬಂದು ಹೋಗಿರುತ್ತದೆ. ಇದಕ್ಕೆ ಅರ್ಥ ಬರೆಸುವುದಕ್ಕಿಂತ ಒಳ್ಳೆಯ ಉಪಾಯ ಬೋರ್ಡಿನ ಮೇಲೆ ಸಂಖ್ಯಾರೇಖೆ ಎಳೆಯುವುದು. 18ಕ್ಕೆ ಒಂದು ಗುರುತು, 25ಕ್ಕೆ ಒಂದು ಗುರುತು. ‘ನಾಟ್ ಬಿಲೋ 18’ ಎಂದರೆ 18 ಸೇರಿ ಬಲಕ್ಕೆ. ‘ಅಬೋವ್ 18’ ಎಂದರೆ 18 ಬಿಟ್ಟು ಬಲಕ್ಕೆ. ‘ನಾಟ್ ಎಕ್ಸೀಡಿಂಗ್ 25’ ಎಂದರೆ 25 ಸೇರಿ ಎಡಕ್ಕೆ. ‘ಬಿಲೋ 25’ ಎಂದರೆ 25 ಬಿಟ್ಟು. ಮಕ್ಕಳೇ ಬಂದು ಬಣ್ಣದ ಸೀಮೆಸುಣ್ಣದಿಂದ ತುಂಬಲಿ. ಗಣಿತದ ಮೇಷ್ಟರು ಇದನ್ನು ಹೇಗೂ ಕಲಿಸಿರುತ್ತಾರೆ, ಇಂಗ್ಲಿಷ್ ಪೀರಿಯಡ್ಡಿಗೆ ಅದನ್ನು ಕರೆದು ತಂದರಾಯಿತು. ಸಂಬಳಕ್ಕೂ ಇದೇ: ‘ಅಪ್ ಟು 18,000’ ಎಂದರೆ ಹದಿನೆಂಟು ಸಾವಿರ ಕೊಡುತ್ತಾರೆ ಎಂದಲ್ಲ, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಮಾತ್ರ.

ದಿನಾಂಕದ್ದು ಇನ್ನೂ ಸೂಕ್ಷ್ಮ. ‘ಆನ್ ಆರ್ ಬಿಫೋರ್ 20’ ಎಂದರೆ ಇಪ್ಪತ್ತನೆಯ ತಾರೀಕೂ ನಡೆಯುತ್ತದೆ, ಬರಿಯ ‘ಬಿಫೋರ್ 20’ ಎಂದರೆ ಹತ್ತೊಂಬತ್ತಕ್ಕೇ ಮುಗಿಯಿತು. ಸರಕಾರಿ ನೇಮಕಾತಿಗಳಲ್ಲಿ ವಯಸ್ಸನ್ನು ಒಂದು ಗೊತ್ತಾದ ದಿನಕ್ಕೆ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, 1-7-2026ಕ್ಕೆ 18ರಿಂದ 25 ವರ್ಷ ಎಂಬುದನ್ನು ಪ್ರಕಟಣೆಯಲ್ಲಿ ‘2-7-2001ಕ್ಕಿಂತ ಮೊದಲು ಹುಟ್ಟಿರಬಾರದು, 1-7-2008ರ ನಂತರ ಹುಟ್ಟಿರಬಾರದು’ ಎಂಬ ಅರ್ಥದ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ನಾಟ್ ಅರ್ಲಿಯರ್ ದ್ಯಾನ್, ನಾಟ್ ಲೇಟರ್ ದ್ಯಾನ್: ಒಂದೇ ವಾಕ್ಯದಲ್ಲಿ ಎರಡು ನಾಟ್. ತರಗತಿಯಲ್ಲಿ ನಾಲ್ಕು ಜನ್ಮದಿನಾಂಕ ಕೊಡಿ: 30-6-2008, 2-7-2008, 1-7-2001, 2-7-2001. ಯಾರು ಒಳಗೆ, ಯಾರು ಹೊರಗೆ? ಮೊದಲಿನವರೂ ಕೊನೆಯವರೂ ಒಳಗೆ, ನಡುವಿನ ಇಬ್ಬರು ಹೊರಗೆ. ಉತ್ತರ ಹೇಳಿದರಷ್ಟೇ ಸಾಲದು, ಯಾವ ಪದ ನೋಡಿ ಹೇಳಿದೆ ಎಂದು ತೋರಿಸಬೇಕು. ಈ ಒಂದು ಅಭ್ಯಾಸಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಹಿಡಿಯಲಿ.

ಎರಡನೆಯದು ಹೂ, ವಿಚ್‌ಗಳಿಂದ ಹೊರಡುವ ಉದ್ದ ಬಾಲ. ‘ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಪಾಸ್ಡ್...’ ಎಂದು ಹೊರಟ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಬರುವಷ್ಟರಲ್ಲಿ ಮಗುವಿಗೆ ಕರ್ತೃ ಮರೆತಿರುತ್ತದೆ. ಕನ್ನಡದಲ್ಲಿ ಪಾಸಾದ, ವಯಸ್ಸು ಮೀರದ, ಜಿಲ್ಲೆಯಲ್ಲಿ ವಾಸಿಸುವ ಎಂಬುದೆಲ್ಲ ಮೊದಲು ಬಂದು ಅಭ್ಯರ್ಥಿ ಎಂಬುದು ಆಮೇಲೆ ಬರುತ್ತದೆ. ಹಾಗಾಗಿ ಮೊದಲು ವಾಕ್ಯದ ಮುಖ್ಯ ಕ್ರಿಯಾಪದಕ್ಕೆ ಚೌಕ ಹಾಕಿಸಿ, ಅದು ಯಾರ ಕೆಲಸ ಎಂದು ಕೇಳಿ, ನಡುವಿನ ಬಾಲವನ್ನು ಕಂಸದಲ್ಲಿ ಇಡಿಸಿ. ನಾಲ್ಕಾರು ವಾರದಲ್ಲಿ ಕಣ್ಣು ತಾನಾಗಿ ಅದನ್ನು ಮಾಡತೊಡಗುತ್ತದೆ.

ಮೂರನೆಯದು ಬರೆದವರದೇ ಗೊಂದಲ. ‘ಎಸ್ಸೆಸ್ಸೆಲ್ಸಿ ಆರ್ ಐಟಿಐ ವಿತ್ ಒನ್ ಇಯರ್ ಎಕ್ಸ್‌ಪೀರಿಯನ್ಸ್’ ಎಂದರೆ ಅನುಭವ ಐಟಿಐಯವರಿಗೆ ಮಾತ್ರ ಬೇಕೋ ಇಬ್ಬರಿಗೂ ಬೇಕೋ? ವಾಕ್ಯದಿಂದ ತಿಳಿಯುವುದಿಲ್ಲ. ಇಂಗ್ಲಿಷ್ ಅಚ್ಚಾಗಿದ್ದರೆ ಸರಿಯೇ ಇರಬೇಕು, ತಿಳಿಯದಿದ್ದರೆ ದಡ್ಡತನ ತನ್ನದೇ ಎಂದು ಮಕ್ಕಳು ಭಾವಿಸುತ್ತಾರೆ. ಅಸ್ಪಷ್ಟವಾದದ್ದನ್ನು ಅಸ್ಪಷ್ಟ ಎಂದು ಗುರುತಿಸುವುದೂ ಓದಿನ ಭಾಗವೇ. ಇಂಥಲ್ಲಿ ‘ಫೋನ್ ಮಾಡಿ ಏನು ಕೇಳುವೆ’ ಎಂಬುದೇ ಪ್ರಶ್ನೆಯಾಗಲಿ.

ಹತ್ತನೆಯ ತರಗತಿಗೆ ನಿಜವಾದ ಪಠ್ಯ ಬೇಕೆಂದರೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ನೇಮಕಾತಿ ಪ್ರಕಟಣೆಗಿಂತ ಒಳ್ಳೆಯದು ಕಾಣೆ. ಕಾರಣ ಸರಳ: ಅದಕ್ಕೆ ಬೇಕಾದ ವಿದ್ಯಾರ್ಹತೆ ಹತ್ತನೆಯ ತರಗತಿ. ಗಣಿತದಲ್ಲೂ ಇಂಗ್ಲಿಷಿನಲ್ಲೂ ಪಾಸಾಗಿರಬೇಕು, ಸ್ಥಳೀಯ ಭಾಷೆ ಓದಿರಬೇಕು, ವಯಸ್ಸು 18ರಿಂದ 40, ಸೈಕಲ್ ಬರಬೇಕು, ಕಂಪ್ಯೂಟರ್ ತಿಳಿದಿರಬೇಕು. ಬೇರೆ ಪರೀಕ್ಷೆ ಇಲ್ಲ, ಹತ್ತನೆಯ ತರಗತಿಯ ಅಂಕದ ಮೇಲೆಯೇ ಮೆರಿಟ್ ಪಟ್ಟಿ. ಇಷ್ಟು ತಿಳಿದರೆ ಹಿಂದಿನ ಬೆಂಚಿನವರೂ ಹಾಳೆ ಹತ್ತಿರ ಎಳೆದುಕೊಳ್ಳುತ್ತಾರೆ. ಓದಿನ ದೃಷ್ಟಿಯಿಂದಲೂ ಅದರಲ್ಲಿ ಎಲ್ಲ ಬಗೆಯ ಪ್ರಶ್ನೆಗೆ ಜಾಗವಿದೆ. ಬ್ರಾಂಚ್ ಪೋಸ್ಟ್ ಮಾಸ್ಟರ್ ಹುದ್ದೆಗೆ ರೂ. 12,000ದಿಂದ 29,380, ಸಹಾಯಕ ಬ್ರಾಂಚ್ ಪೋಸ್ಟ್ ಮಾಸ್ಟರ್ ಮತ್ತು ಡಾಕ್ ಸೇವಕ್ ಹುದ್ದೆಗೆ 10,000ದಿಂದ 24,470 ಎಂದು ಕೊಟ್ಟಿರುತ್ತಾರೆ. ಸೇರಿದ ತಿಂಗಳು ಮೂಲ ಸಂಭಾವನೆಯಾಗಿ ಎಷ್ಟು ಸಿಗುತ್ತದೆ ಎಂದು ಕೇಳಿ. ಅರ್ಧ ತರಗತಿ ದೊಡ್ಡ ಸಂಖ್ಯೆಯನ್ನೇ ಹೇಳುತ್ತದೆ. ಅರ್ಜಿ ಶುಲ್ಕ ರೂ. 100, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವಿನಾಯಿತಿ. ತರಗತಿಯ ಹುಡುಗಿಯರು ಎಷ್ಟು ಕಟ್ಟಬೇಕು? ಎಕ್ಸೆಂಪ್ಟೆಡ್ ಎಂಬ ಪದ ಗೊತ್ತಿಲ್ಲದೆ ನೂರು ರೂಪಾಯಿ ಎನ್ನುತ್ತಾರೆ.

ಅದೇ ಪ್ರಕಟಣೆಯಲ್ಲಿ ಅಭ್ಯರ್ಥಿಗೆ ಜೀವನೋಪಾಯಕ್ಕೆ ಬೇರೆ ಸಾಕಷ್ಟು ಆದಾಯಮೂಲ ಇರಬೇಕು ಎಂಬ ಅರ್ಥದ ಸಾಲೊಂದು ಬರುತ್ತದೆ. ‘ಅಡಿಕ್ವೇಟ್ ಮೀನ್ಸ್ ಆಫ್ ಲೈವ್ಲಿಹುಡ್’. ಈ ಸಾಲನ್ನು ನೋಡಿ ಈ ಕೆಲಸದ ಬಗ್ಗೆ ಏನು ಊಹಿಸಬಹುದು ಎಂದು ಕೇಳಿದರೆ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ದಿನಕ್ಕೆ ಕೆಲವೇ ಗಂಟೆಯ ಕೆಲಸ, ಇದೊಂದರಿಂದಲೇ ಮನೆ ನಡೆಸಲು ಇಲಾಖೆಯೇ ಲೆಕ್ಕ ಹಾಕಿಲ್ಲ, ಉಳಿದ ಹೊತ್ತಿನಲ್ಲಿ ತೋಟವೋ ಅಂಗಡಿಯೋ ಇರಬೇಕು ಎಂಬುದು ಸಾಲುಗಳ ನಡುವೆ ಇದೆ. ಇದನ್ನು ಮಗುವೊಂದು ತಾನಾಗಿ ಹೇಳಿದರೆ ಅದಕ್ಕೆ ಓದಲು ಬಂದಿದೆ ಎಂದೇ ಅರ್ಥ; ವ್ಯಾಕರಣ ತಪ್ಪಿದ್ದರೂ ಚಿಂತೆಯಿಲ್ಲ.

ಅಪ್ರೆಂಟಿಸ್ ಪ್ರಕಟಣೆಗಳ ವಿಷಯವೂ ಹೀಗೆಯೇ. ನಮ್ಮಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಸಂಸ್ಥೆ ಎಂಆರ್‌ಪಿಎಲ್‌ನಂಥ ದೊಡ್ಡ ಸಂಸ್ಥೆಗಳು 1961ರ ಅಪ್ರೆಂಟಿಸ್ ಕಾಯ್ದೆಯಡಿ ಪ್ರಕಟಣೆ ಹೊರಡಿಸುತ್ತವೆ. ಕಂಪೆನಿಯ ಹೆಸರು ಕಂಡು, ಕೆಲಸ ಸಿಕ್ಕಿತೆಂದು ಮನೆಯವರು ಸಂಭ್ರಮಿಸುವುದುಂಟು. ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಹೊಣೆ ಸಂಸ್ಥೆಗಿಲ್ಲ ಎಂಬುದು ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸ್ಟೈಪೆಂಡ್ (ತರಬೇತಿ ಭತ್ಯೆ) ಎಂಬುದಕ್ಕೂ ಸ್ಯಾಲರಿ ಎಂಬುದಕ್ಕೂ ಇರುವ ವ್ಯತ್ಯಾಸ ಅಲ್ಲೇ ತಿಳಿಯಬೇಕು. ತರಗತಿಗೆ ಇಂಥ ಪ್ರಕಟಣೆ ತಂದಾಗ ಮೊದಲ ಪುಟ ಬಿಟ್ಟು ‘ಜನರಲ್ ಇನ್‌ಸ್ಟ್ರಕ್ಷನ್ಸ್’ ಎಂಬ ಭಾಗವನ್ನೇ ಕೊಡುವುದು ಒಳ್ಳೆಯದು. ಷಲ್, ಸಬ್ಜೆಕ್ಟ್ ಟು, ಅನ್‌ಲೆಸ್, ಪ್ರೊವೈಡೆಡ್ ದ್ಯಾಟ್, ಲಯಬಲ್ ಟು ಬಿ ರಿಜೆಕ್ಟೆಡ್ ಎಲ್ಲ ಅಲ್ಲಿಯೇ ಗುಂಪಾಗಿ ಸಿಗುತ್ತವೆ.

ಸಂಬಳದ ಲೆಕ್ಕಕ್ಕೆ ಒಂದು ಪೂರ್ತಿ ಪೀರಿಯಡ್ ಬೇಕು. ಆಫರ್ ಲೆಟರಿನಲ್ಲಿ ಸಿಟಿಸಿ (ನೌಕರನಿಗಾಗಿ ಸಂಸ್ಥೆ ಮಾಡುವ ಒಟ್ಟು ವೆಚ್ಚ) 15,775 ಎಂದಿದ್ದರೆ ಕೈಗೆ ಅಷ್ಟು ಬರುವುದಿಲ್ಲ. ಒಟ್ಟು ವೇತನ 14,000, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 11,000 ಎಂದಿಟ್ಟುಕೊಳ್ಳಿ. ನೌಕರರ ಪಿಎಫ್ (ಭವಿಷ್ಯನಿಧಿ) ಪಾಲು 11,000ಕ್ಕೆ ಶೇ. 12ರಂತೆ 1,320. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಪಾಲು 14,000ಕ್ಕೆ ಶೇ. 0.75ರಂತೆ 105. ಕೈಗೆ ಸಿಗುವುದು 12,575. ಮಾಲಕರು ತಮ್ಮ ಪಾಲಿಗೆ ಪಿಎಫ್ 1,320, ಇಎಸ್‌ಐ ಶೇ. 3.25ರಂತೆ 455 ಕಟ್ಟುತ್ತಾರೆ. ಅದನ್ನೂ ಸೇರಿಸಿ ಬರೆದರೆ 15,775. ಎರಡರ ಅಂತರ 3,200. ಪಿಎಫ್‌ನ ಆಡಳಿತ ಶುಲ್ಕ, ವಿಮೆಯ ಕಂತು ಇಲ್ಲಿ ಬಿಟ್ಟಿದ್ದೇನೆ. ಈ ಅಂತರ ಮೋಸವಲ್ಲ, ಆ ದುಡ್ಡು ನೌಕರನ ಭವಿಷ್ಯಕ್ಕೂ ಚಿಕಿತ್ಸೆಗೂ ಹೋಗುತ್ತದೆ. ಅದನ್ನೂ ಮಕ್ಕಳಿಗೆ ಹೇಳಬೇಕು, ಇಲ್ಲದಿದ್ದರೆ ‘ಪಿಎಫ್ ಹಿಡಿಯದ ಕಡೆ ಸಂಬಳ ಜಾಸ್ತಿ’ ಎಂಬ ಪಾಠ ಕಲಿತುಬಿಡುತ್ತಾರೆ. ಗ್ರಾಸ್, ನೆಟ್, ಡಿಡಕ್ಷನ್, ಇನ್ ಹ್ಯಾಂಡ್ ಎಂಬ ನಾಲ್ಕು ಪದ ಈ ಒಂದು ಕೋಷ್ಟಕದಿಂದ ಬಾಯಿಪಾಠವಿಲ್ಲದೆ ಕೂರುತ್ತವೆ.

ಕರಾವಳಿಯಲ್ಲಿ ಗಲ್ಫ್ ಕೆಲಸದ ಬರಹಗಳನ್ನು ಬಿಡುವಂತೆಯೇ ಇಲ್ಲ. ವಾಟ್ಸ್ಆ್ಯಪಿನಲ್ಲಿ ಬರುವ ಸಂದೇಶವನ್ನೇ ಪ್ಯಾಸೇಜ್ ಮಾಡಬಹುದು, ಹೆಸರು ಮತ್ತು ನಂಬರ್ ತೆಗೆದು. ಇಂಥ ಬರಹಕ್ಕೆ ಕೇಳಬೇಕಾದ ಮುಖ್ಯ ಪ್ರಶ್ನೆ ‘ಇದರಲ್ಲಿ ಏನು ಹೇಳಿಲ್ಲ’ ಎಂಬುದು. ಗೈಡುಗಳಲ್ಲಿ ಈ ಬಗೆಯ ಪ್ರಶ್ನೆಯನ್ನು ಹುಡುಕಬೇಡಿ, ಸಿಗುವುದಿಲ್ಲ. ಕಂಪೆನಿಯ ಹೆಸರಿದೆಯೇ? ಕಳಿಸುವ ಏಜೆಂಟರ ನೋಂದಣಿ ಸಂಖ್ಯೆ ಇದೆಯೇ? ವೀಸಾ ಯಾವುದು, ವಿಸಿಟ್ಟೋ ಎಂಪ್ಲಾಯ್‌ಮೆಂಟೋ? ಊಟ ವಸತಿ ಸಂಬಳದಲ್ಲಿ ಸೇರಿದೆಯೋ ಬೇರೆಯೋ? ಎಷ್ಟು ಗಂಟೆ ಕೆಲಸ? ‘ಫ್ರೀ ವೀಸಾ’ ಎಂಬುದಂತೂ ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಫ್ರೀ ಎಂದ ಮಾತ್ರಕ್ಕೆ ಬಿಟ್ಟಿ ಸಿಗುವುದಿಲ್ಲ, ಹೆಚ್ಚಾಗಿ ದುಡ್ಡು ಕೊಟ್ಟೇ ಪಡೆಯುವುದು. ವೀಸಾದಲ್ಲಿ ಹೆಸರಿರುವ ಮಾಲಕರಲ್ಲಿ ಕೆಲಸವೇ ಇರುವುದಿಲ್ಲ, ಬೇರೆ ಕಡೆ ದುಡಿದರೆ ಅಲ್ಲಿನ ಕಾನೂನಿಗೆ ವಿರುದ್ಧ.

ಇಲ್ಲೊಂದು ವಿಷಯ ಹತ್ತನೆಯವರಿಗೆ ನೇರವಾಗಿ ಸಂಬಂಧಿಸಿದ್ದು. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕಾದ) ವರ್ಗಕ್ಕೆ ಸೇರುತ್ತದೆ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರು ವಲಸೆ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕಕ್ಕೆ ನಿಯಮದಲ್ಲಿ ಮಿತಿ ಇದೆ: ರೂ. 30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಈ ನಿಯಮದ ಒಂದು ಪ್ಯಾರಾ, ಪಕ್ಕದಲ್ಲಿ ಒಂದು ವಾಟ್ಸ್ಆ್ಯಪ್ ಸಂದೇಶ ಇಟ್ಟು ಎರಡನ್ನೂ ಹೋಲಿಸಿ ಓದಿಸಿದರೆ ಒಂದೇ ಪೀರಿಯಡ್ಡಿನಲ್ಲಿ ಆಗುವ ಕಲಿಕೆ ಬಹಳ. ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ ಎಂಬ ಡೇಟಾ ಎಂಟ್ರಿ ಸಂದೇಶಗಳನ್ನೂ ಹೀಗೆಯೇ ಓದಿಸಬೇಕು. ಅಲ್ಲಿ ‘ರಿಫಂಡಬಲ್ ಡೆಪಾಸಿಟ್’ ಎಂಬ ಮಾತು ಬರುತ್ತದೆ. ಯಾವಾಗ, ಯಾರು, ಯಾವ ಷರತ್ತಿನ ಮೇಲೆ ಹಿಂದಿರುಗಿಸುತ್ತಾರೆ ಎಂಬುದು ಇರುವುದಿಲ್ಲ. ದುಡ್ಡು ಕಳೆದುಕೊಂಡವರು ಕೂಡಲೇ ಕರೆ ಮಾಡಬೇಕಾದ ಸೈಬರ್ ಸಹಾಯವಾಣಿ 1930 ಎಂಬುದನ್ನು ಹಾಳೆಯ ಅಡಿಯಲ್ಲಿ ಅಚ್ಚು ಹಾಕಿಸಿ.

ಅರ್ಜಿ ನಮೂನೆಗಳೂ ಓದಿನ ಪಾಠವೇ. ‘ಸ್ಟ್ರೈಕ್ ಔಟ್ ವಿಚ್‌ಎವರ್ ಈಸ್ ನಾಟ್ ಅಪ್ಲಿಕಬಲ್’ ಎಂದಿದ್ದರೆ ಬೇಡದ್ದನ್ನು ಹೊಡೆದು ಹಾಕುವ ಬದಲು ಬೇಕಾದ್ದಕ್ಕೆ ರೈಟ್ ಗುರುತು ಹಾಕುತ್ತಾರೆ. ಬ್ಲಾಕ್ ಲೆಟರ್ಸ್ ಎಂದರೆ ಕ್ಯಾಪಿಟಲ್ ಅಕ್ಷರ, ಅದನ್ನು ದಪ್ಪ ಅಕ್ಷರ ಎಂದು ತಿಳಿದು ತಿದ್ದಿ ತಿದ್ದಿ ಬರೆಯುತ್ತಾರೆ. ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಎಂದು ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಯಲ್ಲಿ ಇರುತ್ತದೆ. ಕೈಬರಹದ ಘೋಷಣೆ ಇಂಗ್ಲಿಷಿನಲ್ಲೇ ಇರಬೇಕು, ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ ಇರಬಾರದು ಎಂದೂ ಇರುತ್ತದೆ. ಮೇಲೆ ಹೆಸರನ್ನು ಕ್ಯಾಪಿಟಲ್‌ನಲ್ಲಿ ತುಂಬಿದ ಕೈ ಕೆಳಗೂ ಹಾಗೆಯೇ ಮುಂದುವರಿಯುತ್ತದೆ. ನಮ್ಮ ಕಡೆ ಹೆಸರಿನದ್ದೇ ದೊಡ್ಡ ತೊಡಕು. ಇನಿಷಿಯಲ್, ಮನೆತನದ ಹೆಸರು, ತಂದೆಯ ಹೆಸರು ಇವುಗಳಲ್ಲಿ ಸರ್‌ನೇಮ್ ಯಾವುದು ಎಂದು ನಮೂನೆ ಕೇಳುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರೆಯಬೇಕು ಎಂಬ ಸೂಚನೆಯನ್ನು ಎರಡು ಸಲ ಓದಿಸಬೇಕು.

ಇನ್ನು ಪೀರಿಯಡ್ ನಡೆಸುವ ಬಗೆ. ದಯವಿಟ್ಟು ಒಬ್ಬೊಬ್ಬರಿಂದ ಒಂದೊಂದು ಸಾಲು ಗಟ್ಟಿಯಾಗಿ ಓದಿಸಬೇಡಿ. ತನ್ನ ಸರದಿಯ ಸಾಲು ಯಾವುದೆಂದು ಎಣಿಸುವುದರಲ್ಲೇ ಮಗುವಿನ ಗಮನ ಹೋಗುತ್ತದೆ, ಉಚ್ಚಾರಣೆಯ ಭಯದಲ್ಲಿ ಅರ್ಥ ಓಡಿಹೋಗುತ್ತದೆ. ಶಿಕ್ಷಕರು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುವುದೂ ಅಷ್ಟೇ ವ್ಯರ್ಥ. ಆಗ ಓದಿದವರು ಶಿಕ್ಷಕರು, ಮಕ್ಕಳಲ್ಲ. ಹಾಳೆ ಕೊಡುವ ಮೊದಲೇ ಬೋರ್ಡಿನ ಮೇಲೆ ನಾಲ್ಕು ಅಭ್ಯರ್ಥಿಗಳ ವಿವರ ಬರೆಯಿರಿ. ಒಬ್ಬನಿಗೆ 17 ವರ್ಷ 11 ತಿಂಗಳು. ಒಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಫೇಲು. ಒಬ್ಬಳ ಮನೆ ಬೈಂದೂರಿನ ಒಳಗೆ, ರಾತ್ರಿ ಪಾಳಿಗೆ ಬಸ್ಸಿಲ್ಲ. ಒಬ್ಬನಿಗೆ ಎಲ್ಲ ಇದೆ, ದ್ವಿಚಕ್ರ ವಾಹನದ ಲೈಸೆನ್ಸ್ ಇಲ್ಲ. ಈ ಜಾಹೀರಾತಿಗೆ ಇವರಲ್ಲಿ ಯಾರು ಹೋಗಬಹುದು? ಈಗ ಹಾಳೆ ಕೊಡಿ. ನಾಲ್ಕೈದು ನಿಮಿಷ ಮೌನವಾಗಿ ಓದಲಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ಸಂಖ್ಯೆಗಳಿಗೆ ಸುತ್ತು, ನಾಟ್, ಓನ್ಲಿ, ಅನ್‌ಲೆಸ್, ಎಕ್ಸೆಪ್ಟ್, ಆರ್‌ಗಳ ಅಡಿಗೆ ಗೆರೆ. ಆಮೇಲೆ ಹತ್ತು ನಿಮಿಷ ಇಬ್ಬಿಬ್ಬರಾಗಿ ಚರ್ಚೆ. ಚರ್ಚೆ ತುಳುವಿನಲ್ಲಾಗಲಿ, ಕೊಂಕಣಿ, ಬ್ಯಾರಿಯಲ್ಲಾಗಲಿ ನಡೆಯಲಿ. ಮನೆಮಾತಿನಲ್ಲಿ ವಾದ ಮಾಡಿದಷ್ಟೂ ಇಂಗ್ಲಿಷ್ ಸಾಲಿಗೆ ಮತ್ತೆ ಮತ್ತೆ ಹೋಗಿ ನೋಡುತ್ತಾರೆ. ಎಂಟನೆಯವರಿಗೆ ಉತ್ತರವನ್ನೂ ಕನ್ನಡದಲ್ಲಿ ಬರೆಯಲು ಬಿಡಿ. ಇಂಗ್ಲಿಷಿನಲ್ಲೇ ಬರೆಯಬೇಕೆಂದರೆ ಅರ್ಥವಾಗಿದ್ದೂ ಬರೆಯಲಾರದ ಮಗು, ಅರ್ಥವಾಗದ ಮಗು, ಇಬ್ಬರೂ ಒಂದೇ ಸಾಲನ್ನು ಎತ್ತಿ ಬರೆಯುತ್ತಾರೆ, ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂಬತ್ತರಲ್ಲಿ ಅರ್ಧರ್ಧ, ಹತ್ತರಲ್ಲಿ ಪೂರ್ತಿ ಇಂಗ್ಲಿಷಿಗೆ ಬರಬಹುದು.

ಉದ್ದದ ಅಂದಾಜು: ಎಂಟಕ್ಕೆ 80ರಿಂದ 100 ಪದಗಳ ಜಾಹೀರಾತು, ಒಂಬತ್ತಕ್ಕೆ 150ರ ಸುತ್ತಮುತ್ತ, ಕೋಷ್ಟಕ ಇರುವ ವಾಕ್-ಇನ್ ಪ್ರಕಟಣೆ, ಹತ್ತಕ್ಕೆ 250ರಿಂದ 300 ಪದಗಳ ಭಾಗ, ತಿದ್ದದೆ ಇದ್ದಂತೆಯೇ. ನೂರು ಪದಕ್ಕೆ ಐದಕ್ಕಿಂತ ಹೆಚ್ಚು ಹೊಸ ಪದಗಳಿದ್ದರೆ ಮಗು ಊಹಿಸುವುದನ್ನು ಬಿಟ್ಟು ಕೈಚೆಲ್ಲುತ್ತದೆ. ಸರಕಾರಿ ಪ್ರಕಟಣೆಗಳಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತವೆ, ಆಗ ಹೆಚ್ಚುವರಿ ಪದಗಳ ಅರ್ಥವನ್ನು ಹಾಳೆಯ ಬಲಬದಿಗೆ ಕನ್ನಡದಲ್ಲಿ ಕೊಡಿ. ಎಲ್ಲವನ್ನೂ ಕೊಡಬೇಡಿ, ಒಂದೆರಡನ್ನು ಸುತ್ತಲಿನ ಮಾತಿನಿಂದ ಊಹಿಸಲು ಬಿಡಿ. ಪಿಡಿಎಫ್ ಅನ್ನು ಹಾಗೇ ಕುಗ್ಗಿಸಿ ಜೆರಾಕ್ಸ್ ಮಾಡಿದರೆ ಅಕ್ಷರ ಇರುವೆ ಸಾಲಾಗುತ್ತದೆ. ಬೇಕಾದ ಭಾಗವನ್ನು ದೊಡ್ಡದು ಮಾಡಿ ಎ4 ಹಾಳೆಯ ಎರಡೂ ಬದಿಗೆ ತೆಗೆದು ಇಬ್ಬರಿಗೊಂದು ಕೊಟ್ಟರೆ ಖರ್ಚೂ ಅರ್ಧ, ಚರ್ಚೆಯೂ ತಾನಾಗಿ ಆಗುತ್ತದೆ. ಜುಲೈಯಲ್ಲಿ ಮಳೆಗೆ ರಜೆ ಸಾರುವುದು ನಮ್ಮ ಜಿಲ್ಲೆಗಳಲ್ಲಿ ಇದ್ದದ್ದೇ. ಎರಡು ಹಾಳೆ ಮೊದಲೇ ಮಕ್ಕಳ ಚೀಲದಲ್ಲಿದ್ದರೆ ಆ ರಜೆಗೂ ಒಂದು ಕೆಲಸವಾಯಿತು.

ಅಂಕ ಕೊಡುವಾಗ ಎರಡು ಅಂಕದ ಪ್ರಶ್ನೆಗೆ ತೀರ್ಮಾನಕ್ಕೆ ಒಂದು, ಅದಕ್ಕೆ ಆಧಾರವಾದ ಪದ ಅಥವಾ ಸಾಲು ತೋರಿಸಿದ್ದಕ್ಕೆ ಒಂದು ಎಂದು ಒಡೆಯಬೇಕು. ಹೌದು ಅಲ್ಲ ಎಂದು ಗಾಳಿಗೆ ಗುಂಡು ಹಾರಿಸಿದವರಿಗೂ ಆಗ ಪೂರ್ತಿ ಅಂಕ ಸಿಗುವುದಿಲ್ಲ. ಐದು ಪ್ರಶ್ನೆಗಳಲ್ಲಿ ಒಂದು ನೇರ ಮಾಹಿತಿಯದು, ಎರಡು ಕೂಡಿಸಿ ತೀರ್ಮಾನಿಸುವವು, ಒಂದು ಊಹೆಯದು, ಒಂದು ‘ಏನು ಹೇಳಿಲ್ಲ’ ಎಂಬುದು. ನೇರ ಮಾಹಿತಿಯದನ್ನು ಮೊದಲು ಇಡಿ, ಹಿಂದುಳಿದ ಮಗುವಿಗೂ ಬಾಯಿ ತೆರೆಯಲು ಧೈರ್ಯ ಬರಲಿ.

ಪಾಠವೇ ಮುಗಿಯುವುದಿಲ್ಲ, ಇದಕ್ಕೆಲ್ಲ ಹೊತ್ತೆಲ್ಲಿ ಎಂಬ ಮಾತು ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಪರೀಕ್ಷೆಯಲ್ಲಿ ಪ್ಯಾಸೇಜ್ ಹೇಗೂ ಇದೆ, ಪತ್ರಲೇಖನವೂ ಇದೆ. ವಾರಕ್ಕೊಂದು ಪೀರಿಯಡ್ ಓದಿದ ಜಾಹೀರಾತಿಗೇ ಅರ್ಜಿಪತ್ರ ಬರೆಸಿದರೆ ಎರಡೂ ಒಟ್ಟಿಗೆ ಆಗುತ್ತವೆ. ಇಷ್ಟು ಚಿಕ್ಕವರ ಮುಂದೆ ದುಡಿಮೆಯ ಮಾತೇಕೆ ಎನ್ನುವವರೂ ಇದ್ದಾರೆ. ಓದಿಸುವುದು ಈಗಲೇ ದುಡಿಯಲಿ ಎಂದಲ್ಲ. ಮಲ್ಪೆಯ ಬಂದರಿಗೋ ಗೇರುಬೀಜದ ಕಾರ್ಖಾನೆಗೋ ಹೋಗುವ ಅಣ್ಣ, ಅಕ್ಕ, ಅಮ್ಮನ ಕೈಗೆ ಬಂದ ಇಂಗ್ಲಿಷ್ ಕಾಗದವನ್ನು ಮನೆಯಲ್ಲಿ ಈಗಾಗಲೇ ಈ ಮಕ್ಕಳೇ ಓದಿ ಹೇಳುತ್ತಿದ್ದಾರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ, ವಿಜಯಾ ಎಂದು ಐದು ಬ್ಯಾಂಕ್ ಹುಟ್ಟಿದ ಹಳೆಯ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಇದು. ಇಂದು ಸರಕಾರಿ ಬ್ಯಾಂಕುಗಳ ಗುಮಾಸ್ತೆ ಕೆಲಸದ ಪ್ರಾಥಮಿಕ ಪರೀಕ್ಷೆಯಲ್ಲಿ ಉಳಿದ ಭಾಗಗಳನ್ನು ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷಿನ 30 ಪ್ರಶ್ನೆಗಳನ್ನು ಮಾತ್ರ 20 ನಿಮಿಷದಲ್ಲಿ ಇಂಗ್ಲಿಷಿನಲ್ಲೇ ಎದುರಿಸಬೇಕು. ಪದವಿ ಮುಗಿಸಿ ಕೋಚಿಂಗಿಗೆ ಸೇರಿದ ಮೇಲೆ ಆ ಓದು ಬರುವುದು ಕಷ್ಟ.

ಶಿಕ್ಷಣ ಇಲಾಖೆಯ ತಾಲ್ಲೂಕು ಮಟ್ಟದ ಇಂಗ್ಲಿಷ್ ಶಿಕ್ಷಕರ ಸಭೆಗಳಲ್ಲಿ ಪ್ರತಿ ಶಾಲೆ ವರ್ಷಕ್ಕೆ ಎರಡು ಹಾಳೆ ತಯಾರಿಸಿ ತಂದು ಹಂಚಿಕೊಂಡರೂ ಒಂದು ತಾಲ್ಲೂಕಿಗೆ ಸಾಕಾಗುವಷ್ಟು ಆಗುತ್ತದೆ. ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಜೂನ್ ಕೊನೆಯಿಂದ ಜನವರಿವರೆಗೆ ಮಂಗಳೂರು ಮತ್ತು ಉಡುಪಿ ಆವೃತ್ತಿಗಳಲ್ಲಿ ವಾರಕ್ಕೊಮ್ಮೆ, ಸೋಮವಾರವಾದರೆ ಉತ್ತಮ, ಅಂಗೈಯಗಲದ ಜಾಗದಲ್ಲಿ ಒಂದು ನಿಜವಾದ ಇಂಗ್ಲಿಷ್ ಉದ್ಯೋಗ ಪ್ರಕಟಣೆಯನ್ನು ಇದ್ದಂತೆ ಮುದ್ರಿಸಿ, ಖಾಸಗಿ ಫೋನ್ ನಂಬರ್ ಮಾತ್ರ ಅಳಿಸಿ. ಕೆಳಗೆ ಐದು ಪ್ರಶ್ನೆ. ಉತ್ತರ ಮುಂದಿನ ವಾರ, ಯಾವ ಪದದಿಂದ ಆ ಉತ್ತರ ಬಂತು ಎಂಬ ವಿವರಣೆಯೊಂದಿಗೆ. ಉತ್ತರವನ್ನು ಅದೇ ದಿನ ತಲೆಕೆಳಗಾಗಿ ಅಚ್ಚು ಹಾಕಿದರೆ ಮಕ್ಕಳು ಪತ್ರಿಕೆಯನ್ನೇ ತಿರುಗಿಸಿ ಹಿಡಿಯುತ್ತಾರೆ, ಆದ್ದರಿಂದ ಅದು ಬೇಡ. ಪ್ರಶ್ನೆಗಳನ್ನು ತಯಾರಿಸಿ ಕೊಡಲು ಎರಡೂ ಜಿಲ್ಲೆಗಳಲ್ಲಿ ಆಸಕ್ತ ಶಿಕ್ಷಕರು ಸಿಗುತ್ತಾರೆ. ಮೊದಲ ನಾಲ್ಕು ವಾರದ್ದನ್ನು ಈ ಪತ್ರದ ಜತೆಗೇ ಲಗತ್ತಿಸಿದ್ದೇನೆ.

ಇಂತು,
ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ
ಉಡುಪಿ ತಾಲ್ಲೂಕು